ಉಜ್ಜುಬಟ್ಟೆಯ ಫಿಲ್ಟರ್

ಮಾರ್ಚ್ 4, ಸೋಮವಾರ

ಇವತ್ತಿನ ಮೂರನೆಯ ಫಿಲ್ಟರ್. ಬೆಳಿಗ್ಗೆ ಕಾಫಿಯದು, ಆಮೇಲೆ ಮೀನಿನ ತೊಟ್ಟಿಯದು. ಎರಡಕ್ಕೂ ಊಟದ ಹೊತ್ತಿನೊಳಗೆ 'ಇಲ್ಲ' ಅಂತ ಬರೆದು ಕೈ ತೊಳೆದುಕೊಂಡೆ. ಪೇಟೆಂಟ್ ಪರೀಕ್ಷಕಿಯಾಗಿ ಹದಿಮೂರು ವರ್ಷ, ಹದಿಮೂರೂ ಫಿಲ್ಟರ್‌ಗಳ ಜೊತೆಗೇ. ಮನೆಯಲ್ಲಿ ಬಾರ್ಲಿ ಚಹಾ ಸೋಸುವಾಗಲೂ ಜರಡಿಯ ತೂತು ನೋಡುವ ರೋಗ ಹಿಡಿದಿದೆ.

ಮೂರನೆಯದು ನಗು ತರಿಸಿತು. ಅರ್ಜಿದಾರಳು ಗುನ್ಸಾನ್ ಊರಿನ ಬಾಂಗ್ ಮಾಲ್‌ಸುನ್. ಅರವತ್ತೊಂದು ವರ್ಷ. ಕಸುಬು — ಸಾರ್ವಜನಿಕ ಸ್ನಾನದ ಮನೆಯಲ್ಲಿ ಬಂದವರ ಮೈ ಉಜ್ಜುವುದು. ವಕೀಲರಿಲ್ಲ, ಎಲ್ಲ ಸ್ವಂತ ಬರವಣಿಗೆ. ಚಿತ್ರ ಬರೆದವನು ಅಂಗಡಿ ಬೋರ್ಡ್ ಬರೆಯುವವನಿರಬೇಕು. ಫಿಲ್ಟರ್‌ಗೆ ನೆರಳು ಬಿಡಿಸಿದ್ದಾನೆ, ಮೇಲೊಂದು ಹೊಳಪು ಬೇರೆ.

ವಿಷಯ ಇಷ್ಟು. ಬಿಸಿನೀರಿನ ಕೊಳದಲ್ಲಿ ಜನರ ಮೈಕೊಳೆ ಸೇರುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬಾಂಗ್ ಅವರ ಉಪಾಯ — ಒಂದರೊಳಗೊಂದು ಎರಡು ಟೊಳ್ಳು ಉರುಳೆ, ಎರಡಕ್ಕೂ ಉಜ್ಜುಬಟ್ಟೆ. ಹೌದು, ಅದೇ ಹಸಿರು ಒರಟು ಬಟ್ಟೆ. ನಾವೆಲ್ಲ ಚಿಕ್ಕಂದಿನಿಂದ ಅಮ್ಮಂದಿರ ಕೈಯಲ್ಲಿ ಬೆನ್ನು ಸುಲಿಸಿಕೊಂಡ ಬಟ್ಟೆ.

ಇದನ್ನು ಕಂಡುಹಿಡಿಯಬೇಕೇ? ನಮ್ಮ ದೇಶದಲ್ಲಿ ಬಟ್ಟೆ ಕೊಳೆ ಹಿಡಿಯುತ್ತದೆ ಅಂತ ಗೊತ್ತಿಲ್ಲದ ಬೆನ್ನು ಒಂದಾದರೂ ಉಂಟೇ?

ಮಾರ್ಚ್ 6, ಬುಧವಾರ

ನಿರಾಕರಣೆಯ ನೋಟಿಸ್ ಹೋಯಿತು. ಅರ್ಧ ದಿನದ ಕೆಲಸ.

ನಮ್ಮ ಕಾನೂನಿನಲ್ಲಿ ಒಬ್ಬ ವಿಚಿತ್ರ ಮನುಷ್ಯನಿದ್ದಾನೆ. ಆಯಾ ಕಸುಬಿನ ಕಾಗದಪತ್ರವೆಲ್ಲ ಓದಿದವನು, ಕಸುಬಿನ ಚಾಳಿಯೆಲ್ಲ ಬಲ್ಲವನು. ಆದರೆ ಸ್ವಂತ ಬುದ್ಧಿಯಿಂದ ಹೊಸದು ಹೊಳೆಯದು ಪಾಪ. ನಾನು ಅವನಿಗೆ ಇಟ್ಟ ಹೆಸರು ಸಾಧಾರಣ ಮಹಾಶಯ. ಅವನಿಗೂ ಸುಲಭವಾಗಿ ಹೊಳೆಯುವಂಥದಾದರೆ ಪೇಟೆಂಟ್ ಇಲ್ಲ. ಅವನಿಗೆ ಹೊಳೆಯದ್ದಾದರೆ ಉಂಟು. ಎಲ್ಲಿಯೂ ಇಲ್ಲದ ಈ ಮನುಷ್ಯನ ತಲೆಯೊಳಗೆ ಕೂತು ಯೋಚಿಸುವುದಕ್ಕೆ ನನಗೆ ಸಂಬಳ.

ಪುರಾವೆಗೆ ಹಳೆಯ ದಾಖಲೆ ಒಂದು: ಈಜುಕೊಳದ ನೀರು ಸೋಸುವ, ತಿರುಗುವ ಉರುಳೆ. ದಾಖಲೆ ಎರಡು: ಉರುಳೆ ತಿಕ್ಕಿ ತೊಳೆಯುವ ಬ್ರಷ್. ಬಟ್ಟೆಗೆ ದಾಖಲೆಯನ್ನೇ ಹುಡುಕಲಿಲ್ಲ. 'ಉಜ್ಜುಬಟ್ಟೆ ಮೈಕೊಳೆ ಹಿಡಿಯುವುದು ಜನಜನಿತವಾಗಿದ್ದು, ಪುರಾವೆಯ ಅಗತ್ಯವಿಲ್ಲ' ಅಂತ ಬರೆದೆ. ಬರೆದು ಎರಡು ಸಲ ಓದಿಕೊಂಡೆ. ಚೆನ್ನಾಗಿ ಬಂದಿದೆ ಅನ್ನಿಸಿತು.

ತಂಡದ ಮುಖ್ಯಸ್ಥ ಗಿಲ್ ಅವರೂ ನೋಡಿ ನಕ್ಕರು. "ತಕ್ ಹ್ಯೋಜು ಅವರೇ, ಇಷ್ಟು ಅಚ್ಚುಕಟ್ಟಾದ ನೋಟಿಸ್ ಹೊಸಬರಿಗೆ ಪಾಠಕ್ಕಿಡಬಹುದು ಕಣ್ರೀ" ಅಂದರು. ಖುಷಿಯಾಗಿ ಸಂಜೆ ಕಡಲೆಹಿಟ್ಟಿನ ಬನ್ ಎರಡು ತಿಂದೆ. ಒಂದು ಸಾಕಿತ್ತು.

ಮೇ 3, ಶುಕ್ರವಾರ

ಎರಡು ತಿಂಗಳ ಗಡುವು ಮುಗಿಯಲು ಮೂರು ದಿನ ಇರುವಾಗ ಉತ್ತರ ಬಂತು. ಗುನ್ಸಾನ್‌ನಿಂದ. ಕೈಬರಹ, ನೀಲಿ ಶಾಯಿ, ಅಲ್ಲಲ್ಲಿ ನೀರು ಬಿದ್ದು ಹಿಗ್ಗಿದ ಕಾಗದ.

ವಕೀಲರು ಬರೆದರೆ 'ಮಾನ್ಯ ಪರೀಕ್ಷಕರ ಅಭಿಪ್ರಾಯವನ್ನು ಗೌರವಿಸುತ್ತಲೇ' ಅಂತ ಶುರುವಾಗುತ್ತದೆ. ಇದು ಹೀಗೆ:

'ಪರೀಕ್ಷಕರೇ, ಎಲ್ಲರಿಗೂ ಗೊತ್ತಿರುವುದು ಅಂತ ಬರೆದಿದ್ದೀರಿ. ಇಪ್ಪತ್ತಾರು ವರ್ಷ ದಿನಕ್ಕೆ ನಾಲ್ಕು ಸಲ ಆ ಫಿಲ್ಟರ್ ಬಿಚ್ಚಿ ತೊಳೆದವಳು ನಾನು. ಗೊತ್ತಿದ್ದವರು ಒಬ್ಬರಾದರೂ ಬಂದು ಹೇಳಬಾರದಿತ್ತೇ? ಬಟ್ಟೆ ನಾನು ಕಂಡುಹಿಡಿದೆ ಅಂತ ಎಲ್ಲೂ ಬರೆದಿಲ್ಲ. ಇನ್ನೊಮ್ಮೆ ಓದಿ ನೋಡಿ. ನಾನೇ ಬಂದು ತೋರಿಸುತ್ತೇನೆ.'

ಮುಖ ಬಿಸಿಯಾಯಿತು. ನನಗೆ ಓದಲು ಹೇಳುತ್ತಾಳೆ, ನನಗೆ.

ಓದಲಿಲ್ಲ. ಫೈಲು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಸೋಮವಾರ ನೋಡಿದರಾಯಿತು.

ಮೇ 16, ಗುರುವಾರ. ಮಧ್ಯಾಹ್ನ 3:40

ಆಕೆ ಬಂದು ಹೋದರು. ಗುನ್ಸಾನ್‌ನಿಂದ ಬಸ್ಸಿನಲ್ಲಿ, ಕಿಮ್ಚಿ ಉಪ್ಪಿನಕಾಯಿ ತುಂಬುವ ದೊಡ್ಡ ಡಬ್ಬಿ ತಬ್ಬಿಕೊಂಡು. ಗಿಡ್ಡ ಹೆಂಗಸು, ತೋಳು ಮಾತ್ರ ಕುಸ್ತಿಯವರ ಹಾಗೆ. ಕೈ ಕುಲುಕಿದಾಗ ನನ್ನ ಬೆರಳು ಐದೂ ಉಳಿದಿವೆಯೇ ಅಂತ ನೋಡಿಕೊಂಡೆ.

ಮೊದಲು ಮೊಟ್ಟೆ ತೆಗೆದರು. ಸ್ನಾನದ ಮನೆಯಲ್ಲಿ ಮಾರುವ ಸುಟ್ಟ ಮೊಟ್ಟೆ, ಹತ್ತು.

"ಅಮ್ಮಾ, ಅರ್ಜಿದಾರರಿಂದ ನಾವು ಏನೂ ತಗೊಳ್ಳೋ ಹಾಗಿಲ್ಲ."

"ಮೊಟ್ಟೆನೂ?"

"ಮೊಟ್ಟೆನೂ."

"ಹಂಗಾದ್ರೆ ವಾಪಸ್ ಹೊತ್ಕೊಂಡು ಹೋಗಕ್ಕಾಗಲ್ಲ, ಬಸ್ಸಲ್ಲಿ ವಾಸನೆ ಬರುತ್ತೆ" ಅಂದು ತಾವೇ ಸುಲಿದು ತಿನ್ನತೊಡಗಿದರು. ಇಡೀ ಸಂದರ್ಶನ ಮುಗಿಯುವಷ್ಟರಲ್ಲಿ ಎಂಟು ಖಾಲಿ. ನನಗೆ ಬಾಯಲ್ಲಿ ನೀರು. ಕಾನೂನು ಇಷ್ಟು ಕಷ್ಟ ಕೊಟ್ಟದ್ದು ಇದೇ ಮೊದಲು.

ಡಬ್ಬಿಯೊಳಗೆ ಮಾದರಿ. ಪ್ಲಾಸ್ಟಿಕ್ ಕೊಳವೆ ಕೊರೆದು ಮಾಡಿದ ಎರಡು ಉರುಳೆ, ಉಜ್ಜುಬಟ್ಟೆ ಬಿಗಿಯಾಗಿ ಹೊಲಿದದ್ದು. ತಿರುಗಿಸಲು ಮೀನಿನ ಗಾಳದ ದಾರ ಸುತ್ತುವ ಹಿಡಿ. ಒಂದು ಫ್ಲಾಸ್ಕಿನಿಂದ ಕೊಳದ ನೀರು ಸುರಿದರು. ಬಿಸಿ ಆರದ ಹಾಗೆ ಫ್ಲಾಸ್ಕಿನಲ್ಲಿ ತಂದಿದ್ದರು.

"ತಣ್ಣಗಾದ್ರೆ ಕೊಳೆ ಏಳಲ್ಲ, ಪರೀಕ್ಷಕರೇ. ಮೈಯಿಗೂ ಅಷ್ಟೇ, ಮೊದಲು ನೆನೀಬೇಕು. ಗೊತ್ತಲ್ಲ ನಿಮಗೆ, ಎಲ್ಲರಿಗೂ ಗೊತ್ತು ಅಂತ ಬರ್ದೋರು."

ಚುಚ್ಚಿದರು. ಚುಚ್ಚಿಸಿಕೊಂಡೆ.

ಹಿಡಿ ತಿರುಗಿಸಿದರು. ಒಳಗಿನ ಉರುಳೆ ಆ ಕಡೆ, ಹೊರಗಿನದು ಈ ಕಡೆ, ನಿಧಾನ. ಎರಡು ಬಟ್ಟೆಯ ನಡುವಿನಿಂದ ಬೂದು ಬಣ್ಣದ ಶಾವಿಗೆ ಉರುಳಿ ಉರುಳಿ ತಟ್ಟೆಗೆ ಬಿತ್ತು. ಕೆಳಗೆ ಬಂದ ನೀರು ತಿಳಿ. ಕಣ್ಣು ಕೀಳಲಾಗಲಿಲ್ಲ. ಬೆನ್ನು ಉಜ್ಜಿಸಿಕೊಂಡ ಮೇಲೆ ನೆಲದ ಮೇಲೆ ಬಿದ್ದದ್ದನ್ನು ಕದ್ದು ನೋಡಿ ಹೆಮ್ಮೆ ಪಡುತ್ತೇವಲ್ಲ, ಹಾಗೆ.

"ಇದು ಸಿಗದಿದ್ರೆ ಏನಾಗುತ್ತೆ ನಿಮಗೆ?" ಅಂತ ಕೇಳಿದೆ. ಕೇಳಬಾರದಿತ್ತು, ಅದು ನನ್ನ ತೀರ್ಪಿಗೆ ಸಂಬಂಧಿಸಿದ್ದಲ್ಲ.

"ಫಿಲ್ಟರ್ ಕಂಪನಿಯೋನು ಒಬ್ಬ ಮೂರು ಸಲ ಬಂದು ಟೇಪು ಹಿಡಿದು ಅಳೆದು ಹೋಗಿದಾನೆ. ಪೇಟೆಂಟ್ ಇದ್ರೆ ನನ್ನ ಕೇಳಿ ಮಾಡ್ತಾನೆ. ಇಲ್ದಿದ್ರೆ ಕೇಳದೇ ಮಾಡ್ತಾನೆ. ಮಾಡೋದಂತೂ ಮಾಡ್ತಾನೆ." ಎಂಟನೆಯ ಮೊಟ್ಟೆ ಸುಲಿದರು. "ಜೀವಮಾನದಲ್ಲಿ ಒಂದೇ ಒಂದು ಸಲ ತಲೆಯಿಂದ ಮಾಡಿದ್ದು ಇದು. ಮಿಕ್ಕಿದ್ದೆಲ್ಲ ತೋಳಿಂದ."

ಪರಿಶೀಲಿಸುತ್ತೇವೆ ಅಂದೆ. ನಾವು ಯಾವಾಗಲೂ ಅನ್ನುವುದು ಅದೇ.

ಅದೇ ದಿನ, 5:30

ಅರ್ಜಿ ಓದಿದೆ. ಈ ಸಲ ನಿಜವಾಗಿ. ಹಕ್ಕು ಕೇಳಿದ ಮೊದಲ ವಾಕ್ಯದಲ್ಲೇ ಇದೆ — 'ನೀರು ಹರಿಯುತ್ತಿರುವಾಗಲೇ ಎರಡು ಬಟ್ಟೆಗಳು ಒಂದನ್ನೊಂದು ಉಜ್ಜುತ್ತಾ'. ಮಾರ್ಚ್‌ನಲ್ಲಿ ಈ ಸಾಲು ಹಾರಿಸಿಬಿಟ್ಟಿದ್ದೆ. ಉಜ್ಜುಬಟ್ಟೆ ಎಂಬ ಪದ ಕಂಡ ಕೂಡಲೇ ನಕ್ಕೆ, ನಕ್ಕ ಮೇಲೆ ಓದಲಿಲ್ಲ. ಬೇರೆ ದೇಶದ ಪರೀಕ್ಷಕನಾಗಿದ್ದರೆ ಅದೇನು ಬಟ್ಟೆ ಅಂತ ತಿಳಿಯಲಾದರೂ ಮುಂದೆ ಓದುತ್ತಿದ್ದ.

ನಾಚಿಕೆಯಾಯಿತು.

ಆದರೆ ನಾಚಿಕೆಯಾಯಿತು ಅಂತ ಪೇಟೆಂಟ್ ಕೊಡಲಾಗದು. ಉಜ್ಜುವುದೂ ಸುಲಭವಾಗಿ ಹೊಳೆಯುವಂಥದೇ ಇರಬಹುದು. ಬಟ್ಟೆಯೇ ಉಜ್ಜುವ ಬಟ್ಟೆ.

ಮೇ 17, ಶುಕ್ರವಾರ

ಕ್ಯಾಂಟೀನಿನಲ್ಲಿ ಸೋಯಾ ಹಾಲಿನ ತಣ್ಣನೆ ನೂಡಲ್ಸ್. ವರ್ಷದ ಮೊದಲನೆಯದು. ನಮ್ಮ ಮೇಜಿನಲ್ಲಿ ಐದು ಮಂದಿ, ಐವರೂ ಎಂಜಿನಿಯರುಗಳು. ಉತ್ತರ ಹೇಳದೆ ಬರೀ ತೊಂದರೆ ಹೇಳಿದೆ: ಸ್ನಾನದ ಮನೆಯ ಫಿಲ್ಟರ್ ಮೈಕೊಳೆಯಿಂದ ಕಟ್ಟಿಕೊಳ್ಳುತ್ತೆ, ಏನು ಮಾಡ್ತೀರಿ?

ಒಬ್ಬರು ಜಾಲರಿಯ ತೂತು ಇನ್ನೂ ಚಿಕ್ಕದು ಮಾಡಿ ಅಂದರು. ಇನ್ನೊಬ್ಬರು ನೀರನ್ನು ಹಿಂದಕ್ಕೆ ನೂಕಿ ತೊಳೆಯಿರಿ ಅಂದರು. ಮತ್ತೊಬ್ಬರು ಮಜ್ಜಿಗೆ ಕಡೆದ ಹಾಗೆ ಗಿರ್ರನೆ ತಿರುಗಿಸಿ ಬೇರ್ಪಡಿಸಬೇಕು ಅಂದು ಕಾಗದದ ಕರವಸ್ತ್ರದ ಮೇಲೆ ಚಿತ್ರವನ್ನೂ ಬರೆದರು. ಗಿಲ್ ಅವರು ನೂಡಲ್ಸ್ ಎಳೆದುಕೊಳ್ಳುತ್ತಾ, "ಮನೇಲಿ ಸ್ನಾನ ಮಾಡ್ಕೊಂಡು ಸ್ನಾನಕ್ಕೆ ಬನ್ನಿ ಅಂತ ಬೋರ್ಡ್ ಹಾಕಿ" ಅಂದರು.

ಉಜ್ಜುಬಟ್ಟೆಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಭಾನುವಾರ ಐವರೂ ಅದರಲ್ಲೇ ಉಜ್ಜಿಕೊಳ್ಳುವವರು.

ಮೇಲೆ ಬಂದು ಗಿಲ್ ಅವರಿಗೆ ವಿಷಯ ಬಿಡಿಸಿ ಹೇಳಿದೆ.

"ಹಾಗಲ್ಲ ರೀ ಅದು" ಅಂದರು. "ಅವರು ಊಟಕ್ಕೆ ಕೂತವರು. ಕಾನೂನು ಹೇಳೋ ಮನುಷ್ಯ ಬೇರೆ. ಮಾರ್ಚ್‌ನಲ್ಲಿ ಎಲ್ಲರಿಗೂ ಗೊತ್ತು ಅಂತ ಬರೆದಿದ್ದೀರಿ. ಈಗ ಯಾರಿಗೂ ಗೊತ್ತಿಲ್ಲ ಅಂತ ಬರೀತೀರಾ? ನೋಟಿಸ್ ಆಗಲೇ ಹೊಸಬರ ಪಾಠದ ಕಟ್ಟಿಗೆ ಸೇರಿಸಿಬಿಟ್ಟಿದೀನಿ ನಾನು."

ಅಯ್ಯೋ. ನನ್ನ ಮರ್ಯಾದೆಯ ಪ್ರತಿ ತೆಗೆದು ಹಂಚಿದ್ದಾರೆ.

ಮೇ 19, ಭಾನುವಾರ. ಮಧ್ಯಾಹ್ನ

ಅಮ್ಮನ ಜೊತೆ ಸ್ನಾನದ ಮನೆ. ಪ್ರತಿ ಭಾನುವಾರದ ಹಾಗೆ. ಅಮ್ಮನಿಗೆ ಎಪ್ಪತ್ತೆರಡು, ನನ್ನ ಬೆನ್ನಿನ ಮೇಲೆ ಇನ್ನೂ ದಯೆ ಬಂದಿಲ್ಲ.

"ಮೆಲ್ಲಗೆ, ಅಮ್ಮ."

"ಮೆಲ್ಲಗೆ ಉಜ್ಜಿದ್ರೆ ಸವರಿದ ಹಾಗೆ ಆಗುತ್ತೆ ಕಣೇ. ಸುಮ್ನೆ ಕೂತ್ಕೋ."

ಕೂತೇ ಅಮ್ಮನಿಗೆ ಬಾಂಗ್ ಅವರ ಫಿಲ್ಟರ್ ವಿಷಯ ಹೇಳಿದೆ. ಅರ್ಜಿ ಎಂದೋ ಪ್ರಕಟವಾದದ್ದು, ಗುಟ್ಟೇನಲ್ಲ. ಅಮ್ಮ ಕೈ ನಿಲ್ಲಿಸದೆ, "ಇದೇನು ಮಹಾ. ಇಲ್ಲೂ ಕಟ್ಟಿದಾರಲ್ಲ ಚರಂಡಿ ಬಾಯಿಗೆ, ಹಸಿರು ಬಟ್ಟೆ. ನೀನು ಚಿಕ್ಕೋಳಿದ್ದಾಗಿಂದಲೂ ಇದೆ" ಅಂದರು.

ತಿರುಗಿ ಅಮ್ಮನ ಮುಖ ನೋಡಿದೆ.

ಹಾಗೆ ಮೊದಲೇ ಬಳಕೆಯಲ್ಲಿದ್ದರೆ ಎಲ್ಲ ಮುಗಿದಂತೆ. ಅದನ್ನು ನಾನು ದಾಖಲಿಸಲೇಬೇಕು, ಪೇಟೆಂಟ್ ಇಲ್ಲ. ಮಾರ್ಚ್‌ನ ನೋಟಿಸ್ ಸರಿಯಾಗಿಯೇ ಇತ್ತು ಅಂತಾಗುತ್ತದೆ, ನನ್ನ ಮರ್ಯಾದೆ ಉಳಿಯುತ್ತದೆ. ಹಾಗಿದ್ದೂ ನನಗೆ ಸಂತೋಷವಾಗಲಿಲ್ಲ. ಆ ಕ್ಷಣಕ್ಕೆ ಗೊತ್ತಾಯಿತು, ಬಾಂಗ್ ಅವರಿಗೆ ಸಿಗಲಿ ಅಂತ ನಾನು ಆಸೆಪಡುತ್ತಿದ್ದೇನೆ. ಪರೀಕ್ಷಕಿ ಆಸೆಪಡಬಾರದು. ಪಡುತ್ತಿದ್ದೆ.

ಸೋಪಿನ ನೊರೆಯಲ್ಲೇ ಎದ್ದು ಹೋದೆ. ಚರಂಡಿ ಬಾಯಿಯ ಹತ್ತಿರ ಮಂಡಿಯೂರಿ ಬಗ್ಗಿ ನೋಡಿದೆ. ಇತ್ತು. ತಂತಿಯ ಬಳೆಗೆ ಬಿಗಿದ ಹಸಿರು ಉಜ್ಜುಬಟ್ಟೆ. ಬಟ್ಟೆಯ ಮೇಲೆ ಕೊಳೆ ಕೆನೆ ಕಟ್ಟಿ ನೀರು ಮೇಲೆಯೇ ನಿಂತಿತ್ತು.

"ಏನು ಕಳ್ಕೊಂಡ್ಯವ್ವ? ಕಿವಿ ಓಲೆನಾ?" ಮೈ ಉಜ್ಜುವ ಚಿಕ್ಕಮ್ಮ. ಎಲ್ಲರೂ ಆಕೆಯನ್ನು ಚಿಕ್ಕಮ್ಮ ಅಂತಲೇ ಕರೆಯುವುದು.

"ಇಲ್ಲ ಚಿಕ್ಕಮ್ಮ. ಈ ಬಟ್ಟೆ... ಚೆನ್ನಾಗಿ ಸೋಸುತ್ತಾ?"

"ಸೋಸೋದೇನು ಬಂತು, ಮಣ್ಣು. ಮೂವತ್ತು ವರ್ಷದಿಂದ ಕಟ್ತಾ ಇದೀನಿ, ಗಂಟೆಗೊಂದ್ಸಲ ಕಿತ್ತು ಬಡೀಬೇಕು. ನೈಲಾನ್ ಜಾಲರಿಗಿಂತ ಬೇಗ ಕಟ್ಕೊಳುತ್ತೆ. ಕೂದಲು ಹಿಡಿಯುತ್ತೆ ಅಂತ ಕಟ್ತೀನಿ ಅಷ್ಟೇ."

"ಉಜ್ಜಿ ನೋಡಿದೀರಾ ಯಾವಾಗಾದ್ರೂ? ನೀರು ಹೋಗ್ತಿರುವಾಗಲೇ, ಇನ್ನೊಂದು ಬಟ್ಟೆಯಲ್ಲಿ?"

ಚಿಕ್ಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನೊರೆ ಬಿಟ್ಟರೆ ಬೇರೇನೂ ಇರಲಿಲ್ಲ ನೋಡಲು.

"ಬಿಸಿನೀರಲ್ಲಿ ಜಾಸ್ತಿ ಹೊತ್ತು ಕೂತ್ಯೇನವ್ವ? ಉಜ್ಜೋದು ಮೈಗೆ. ಜಾಲರಿನ ಯಾರಾದ್ರೂ ಉಜ್ತಾರಾ? ಉಜ್ಜಿದ್ರೆ ಇದ್ದದ್ದೂ ಒಳಗೆ ಹೋಗುತ್ತೆ."

ಅಲ್ಲಿಯೇ ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ಹದಿಮೂರು ವರ್ಷ ತಲೆಯೊಳಗೆ ಹುಡುಕಿದ ಸಾಧಾರಣ ಮಹಾಶಯ ಎದುರಿಗೇ ನಿಂತಿದ್ದಾನೆ. ಅವನು ಹೆಂಗಸು. ಕಪ್ಪು ಒಳಉಡುಪು, ಕೈಗೆ ಉಜ್ಜುಬಟ್ಟೆ. ಈ ಕಸುಬಿನಲ್ಲಿ ಆಕೆಗೆ ತಿಳಿಯದ್ದು ಒಂದೂ ಇಲ್ಲ. ಬಟ್ಟೆ ಹೊಳೆದಿದೆ, ಕಟ್ಟಿದ್ದಾಳೆ, ಮೂವತ್ತು ವರ್ಷ ಬಡಿದು ಬಡಿದು ತೊಳೆದಿದ್ದಾಳೆ. ಉಜ್ಜುವುದು ಹೊಳೆಯಲಿಲ್ಲ. ನಾನಾಗಿ ಹೇಳಿದರೂ ನನಗೆ ತಲೆ ಕೆಟ್ಟಿದೆ ಅಂದಳು.

ಆಗ ಬಾಂಗ್ ಅವರ ಉಪಾಯ ಪೂರ್ತಿ ಕಂಡಿತು. ಫಿಲ್ಟರ್ ಮಾಡುವವರೆಲ್ಲ ತೂತು ಚಿಕ್ಕದು ಮಾಡಲು ಹೊರಟವರು. ಆಕೆ ತೂತಿನ ಗೊಡವೆಗೇ ಹೋಗದೆ ಕೊಳೆಯನ್ನು ದೊಡ್ಡದು ಮಾಡಿದಳು. ಉಜ್ಜಿ, ಉರುಳಿಸಿ, ಶಾವಿಗೆ ಮಾಡಿ, ಕೈಗೆ ಸಿಗುವ ಹಾಗೆ ಮಾಡಿದಳು. ಅಬ್ಬಾ, ಎಂಥ ಹೆಂಗಸು.

ಫೋಟೋ ತೆಗೆಯೋಣವೆಂದರೆ ಸ್ನಾನದ ಮನೆಗೆ ಫೋನು ತರುವಂತಿಲ್ಲ. ಹೊರಗೆ ಬಂದು ಬಾಳೆಹಣ್ಣಿನ ಹಾಲು ಕುಡಿದ ಕಾಗದದ ಪೊಟ್ಟಣದ ಹಿಂದೆ ಚಿತ್ರ ಬರೆದೆ. ಬೆನ್ನು ಅರ್ಧಕ್ಕೇ ಬಿಟ್ಟು ಎದ್ದೆ ಅಂತ ಅಮ್ಮ ಮನೆ ಮುಟ್ಟುವವರೆಗೂ ಬೈದರು. ಎಡಗಡೆ ಈಗಲೂ ಕೆರೆಯುತ್ತಿದೆ.

ಮೇ 20, ಸೋಮವಾರ

ಗಿಲ್ ಅವರ ಮುಂದೆ ಹಾಲಿನ ಪೊಟ್ಟಣ ಇಟ್ಟೆ.

"ಏನಿದು?"

"ಚರಂಡಿ. ಫೈಲಿಗೆ ಸೇರಿಸ್ತೀನಿ. ಮೊದಲೇ ಇದ್ದ ಬಳಕೆ, ಮುಚ್ಚಿಡೋ ಹಾಗಿಲ್ಲ. ಬಟ್ಟೆ ಇದೆ, ಉಜ್ಜೋದು ಇಲ್ಲ."

ತಿರುಗಿಸಿ ನೋಡಿದರು. ಇನ್ನೊಂದು ಬದಿಗೆ ಬಾಳೆಹಣ್ಣಿನ ಚಿತ್ರ. ಎಲ್ಲ ಕೇಳಿ, "ನೀವು ಸ್ನಾನಕ್ಕೆ ಹೋಗಿ ಬಂದದ್ದು, ಈ ಉಪಾಯ ಸುಲಭವಾಗಿ ಹೊಳೆಯೋದಲ್ಲ ಅನ್ನೋದಕ್ಕೆ ಪುರಾವೆ ಆಗುತ್ತಾ ಹ್ಯೋಜು ಅವರೇ?" ಅಂದರು. ತಮಾಷೆಯಾಗಿ ಅಲ್ಲ, ನಿಜವಾಗಿ ಕೇಳಿದರು.

"ಕೊಡೋದಕ್ಕೆ ಪುರಾವೆ ಬೇಕಿಲ್ಲ. ಇಲ್ಲ ಅನ್ನೋದಕ್ಕೆ ಬೇಕು. ನೀರು ಹರಿಯುತ್ತಿರುವಾಗ ಉಜ್ಜಬೇಕು ಅಂತ ಹೇಳೋ ಒಂದು ಕಾಗದ ನನ್ನ ಹತ್ರ ಇಲ್ಲ. ಮೂರು ದಿನದಿಂದ ಜಪಾನಿನದು, ಚೀನಾದ್ದು, ಜರ್ಮನಿಯದು ಎಲ್ಲ ಜಾಲಾಡಿದೀನಿ. ಬ್ರಷ್ ಇರೋ ದಾಖಲೆ ನೀರು ನಿಲ್ಲಿಸಿ ಉಜ್ಜಿ ಅನ್ನುತ್ತೆ. ಮಾರ್ಚ್‌ನಲ್ಲಿ ನಾನು ಬರೆದದ್ದಕ್ಕೆ ಪುರಾವೆ ಇರಲಿಲ್ಲ. ಬೇಕಿಲ್ಲ ಅಂತ ಬರೆದಿದ್ದೆ."

"ಯಾರು ಬರೆದದ್ದು ಇದು ಅಂತ ಮೇಲಿನವರು ಕೇಳಿದ್ರೆ?"

"ನಾನು. ತಪ್ಪು ನನ್ನದೇ. ಪೂರ್ತಿ ಓದದೆ ಬರೆದೆ."

ಹೇಳಿದ ಮೇಲೆ ಹಗುರ. ಗಿಲ್ ಅವರು ಪೊಟ್ಟಣ ಇನ್ನೊಂದು ಸಲ ನೋಡಿ, "ಹೊಸಬರ ಪಾಠದಿಂದ ಅದನ್ನ ತೆಗೆಯಲ್ಲ. ಈಗಲೇ ಅದು ಪಾಠ ಆಗಿರೋದು" ಅಂದರು. ಒಳ್ಳೆಯವರೋ ಕೆಟ್ಟವರೋ ಇವರು, ಹದಿಮೂರು ವರ್ಷವಾದರೂ ಬಗೆಹರಿದಿಲ್ಲ.

ಮೇ 22, ಬುಧವಾರ. ಬೆಳಿಗ್ಗೆ 10:15

ಗುಂಡಿ ಒತ್ತಿದೆ. ಪೇಟೆಂಟ್ ನೀಡುವ ತೀರ್ಮಾನ.

ಬೇಡ ಅನ್ನಲು ನಾಲ್ಕು ಪುಟ ಬರೆದಿದ್ದೆ. ಕೊಡುವಾಗ ಒಂದೇ ಸಾಲು, ಅದೂ ಅಚ್ಚು ಹಾಕಿಟ್ಟ ಸಾಲು, ನಾವು ಒಂದಕ್ಷರ ಸೇರಿಸುವಂತಿಲ್ಲ. ಏನೇನೋ ಬರೆಯಬೇಕೆಂದಿತ್ತು. ಕ್ಷಮಿಸಿ ಅಂತಲಾದರೂ.

ಆಕೆ ಕಾಗದದಲ್ಲೇ ಅರ್ಜಿ ಹಾಕಿದವರು. ಅಂಚೆಯಲ್ಲಿ ಹೋಗುತ್ತದೆ. ಶುಕ್ರವಾರಕ್ಕೆ ಮುಟ್ಟಬಹುದು.

ಮೇ 24, ಶುಕ್ರವಾರ

ಫೋನಿಲ್ಲ. ಮುಟ್ಟಿರಬೇಕಲ್ಲ? ಫೋನು ಮಾಡುವವರೇನೂ ಎಲ್ಲರೂ ಅಲ್ಲ. ಆದರೆ ಈಕೆ ಮಾಡುತ್ತಾರೆ ಅಂದುಕೊಂಡಿದ್ದೆ.

ಮೇ 27, ಸೋಮವಾರ. 11:50

ಈಗಷ್ಟೇ ಫೋನು ಇಟ್ಟೆ. ಮರೆಯುವ ಮೊದಲೇ ಬರೆದುಬಿಡುತ್ತೇನೆ.

ಬಾಂಗ್ ಅವರು. ಹಿಂದೆ ನೀರಿನ ಸದ್ದು, ಹೆಂಗಸರ ಮಾತು. ದನಿ ಸಣ್ಣದು, ಆ ತೋಳಿನವರದು ಅಂತ ನಂಬುವ ಹಾಗಿಲ್ಲ.

"ಪರೀಕ್ಷಕರೇ, ಕಾಗದ ಬಂತು. ತೊಂದರೆ ಕೊಟ್ಟೆ ನಿಮಗೆ. ಅಷ್ಟು ಹೊತ್ತು ಕೂತು ನೋಡಿದ್ರಿ, ಅದಕ್ಕೇ ಒಂದು ಮಾತು ಹೇಳಿ ಇಟ್ಬಿಡೋಣ ಅಂತ."

"ಯಾಕಮ್ಮಾ ಹಾಗಂತೀರಿ? ಕಾಗದ ಓದಿದ್ರಾ?"

"ಓದಿದೆ. 'ನಿರಾಕರಿಸಲು ಕಾರಣ' ಅಂತ ಶುರುವಾಗುತ್ತೆ. ಮಾರ್ಚ್‌ನಲ್ಲಿ ಬಂದಿದ್ದರಲ್ಲೂ ಅದೇ ಇತ್ತು. ಅಷ್ಟಕ್ಕೇ ಮಡಚಿಟ್ಟೆ. ಯಾರಿಗೂ ಹೇಳಿಲ್ಲ, ಮೂರು ದಿನ ಆಯ್ತು. ಇಲ್ಲಿ ಎಲ್ಲಾರೂ ಕೇಳ್ತಾರೆ, ಇನ್ನೂ ಬಂದಿಲ್ಲ ಅಂತ ಸುಳ್ಳು ಹೇಳ್ತಾ ಇದೀನಿ."

ದೇವರೇ. ಆ ಅಚ್ಚಿನ ಸಾಲು.

"ಅಮ್ಮಾ, ಹೋಗಿ ಅದನ್ನ ತನ್ನಿ. ಮುಂದೆ ಓದಿ."

"ಕನ್ನಡಕಕ್ಕೆ ಆವಿ ಹಿಡಿಯುತ್ತೆ ಇಲ್ಲಿ."

"ಒರೆಸಿಕೊಂಡು ಓದಿ. ನಾನು ಕಾಯ್ತೀನಿ."

ಚಪ್ಪಲಿ ಸದ್ದು. ಯಾವುದೋ ಬೀರುವಿನ ಬಾಗಿಲು. ಕಾಗದ ಬಿಚ್ಚಿದ ಸದ್ದು. ಆಮೇಲೆ ಒಂದೊಂದೇ ಪದ, ಬೆರಳಿಟ್ಟು ಓದುವ ಹಾಗೆ —

"ನಿರಾಕರಿಸಲು... ಕಾರಣ... ಕಂಡುಬಾರದ... ಪ್ರಯುಕ್ತ... ಪೇಟೆಂಟ್... ನೀಡಲು..."

ನಿಂತಿತು.

ನೀರಿನ ಸದ್ದು ಮಾತ್ರ.

"ಪರೀಕ್ಷಕರೇ, ಇದು... ಕೊಟ್ರು ಅಂತಾನಾ?"

"ಕೊಟ್ಟೆವು ಅಂತ. ಅದು ನಿಮ್ಮದು. ಆ ಕಂಪನಿಯವನು ಇನ್ನು ನಿಮ್ಮನ್ನ ಕೇಳಿಯೇ ಮಾಡಬೇಕು."

ಯಾರೋ ದೂರದಿಂದ ಕೂಗಿ ಕೇಳಿದರು, ಏನಾಯ್ತೇ ಮಾಲ್‌ಸುನ್, ಯಾಕೆ ಹಾಗೆ ನಿಂತಿದ್ದೀಯ ಅಂತ. ಆಕೆ ಫೋನು ಎಲ್ಲೋ ಒದ್ದೆ ಕಲ್ಲಿನ ಮೇಲೆ ಇಟ್ಟರು ಅನ್ನಿಸುತ್ತೆ. ಅಲ್ಲಿಂದ ಕೇಳಿಸಿತು, ಇಡೀ ಸ್ನಾನದ ಮನೆಗೆ ಕೇಳಿಸುವ ಹಾಗೆ ಆ ಸಾಲನ್ನು ಮೊದಲಿನಿಂದ ಮತ್ತೆ ಓದುತ್ತಿದ್ದರು. ಈ ಸಲ ಎಲ್ಲೂ ನಿಲ್ಲಿಸದೆ. ಮುಗಿದ ಮೇಲೆ ಎದ್ದ ಗದ್ದಲಕ್ಕೆ ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು.

ಗಿಲ್ ಅವರು ತಮ್ಮ ಮೇಜಿನಿಂದ ಎದ್ದು ಬರುತ್ತಿದ್ದಾರೆ. ಕಣ್ಣಿಗೆ ಏನಾಯ್ತು ಅಂತ ಕೇಳುತ್ತಾರೆ, ಖಂಡಿತ. ಏನೂ ಇಲ್ಲ ಅಂತ ಹೇಳಬೇಕು. ಅದಕ್ಕೂ ಮೊದಲು ಈ ಪುಸ್ತಕ ಮುಚ್ಚಿ—